ಹೊಸ ಸ್ಪೀಕರನ್ನು 200 ತಾಸು ಓಡಿಸಬೇಕಾ?

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದವನು. ನಿವೃತ್ತ ಅಧ್ಯಾಪಕ. ಹಿಂದೂಸ್ತಾನಿ ಗಾಯನದ ಹುಚ್ಚು. ಮಲ್ಲಿಕಾರ್ಜುನ ಮನ್ಸೂರರನ್ನು, ಬಸವರಾಜ ರಾಜಗುರುಗಳನ್ನು ಎದುರಿಗೆ ಕೂತು ಕೇಳಿದ ಪುಣ್ಯ ನನ್ನದು. ಆರು ದಿನದ ಹಿಂದೆ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಮತ್ತು ಆಂಪ್ಲಿಫೈಯರ್ ತಂದೆ. ಎರಡೂ ಸೇರಿ 52,000 ರೂಪಾಯಿ. ಅಂಗಡಿಯಲ್ಲಿ ಬಹಳ ಚೆನ್ನಾಗಿ ಕೇಳಿಸಿತ್ತು. ಮನೆಯಲ್ಲಿ ಹಚ್ಚಿದರೆ ದನಿ ತೆಳ್ಳಗೆ, ಚೂಪು ಚೂಪು. ತಂಬೂರಿಯ ಖರ್ಜಕ್ಕೆ, ಅಂದರೆ ಕೆಳಗಿನ ಷಡ್ಜಕ್ಕೆ, ಮೈಯೇ ಇಲ್ಲ. ತಬಲಾ ಜೋಡಿಯ ಡಗ್ಗಾ ಬಾರಿಸಿದರೆ ಖಾಲಿ ರಟ್ಟಿನ ಡಬ್ಬಿ ಬಡಿದ ಹಾಗೆ. ನನ್ನ 20 ವರ್ಷದ ಹಳೆಯ ಸ್ಪೀಕರುಗಳೇ ವಾಸಿ ಅನ್ನಿಸುತ್ತಿದೆ. ಅಂಗಡಿಗೆ ಫೋನ್ ಮಾಡಿದರೆ, "ಇನ್ನೂ ಹೊಸಾವ ಅದಾವ್ರೀ ಸರ. 200 ತಾಸು ಓಡಸ್ರಿ. ಬರಬರ್ತ ಚಲೋ ಆಗ್ತಾವ" ಎಂದರು. ಪಿಂಕ್ ನಾಯ್ಸ್ ಎಂಬ ಸದ್ದನ್ನು ಹಗಲೂ ರಾತ್ರಿ ಜೋರಾಗಿ ಹಾಕಿಟ್ಟರೆ ಬೇಗ ಪಳಗುತ್ತವೆ ಎಂದು ಗೆಳೆಯರೊಬ್ಬರ ಸಲಹೆ. ಮಗ ಇದೆಲ್ಲ ಸುಳ್ಳು ಎನ್ನುತ್ತಾನೆ. 4,500 ರೂಪಾಯಿಯ ಕೇಬಲ್ ಹಾಕಿಕೊಳ್ಳಿ, ಅದೂ ಪಳಗಿದರೆ ಇನ್ನೂ ಚೆನ್ನ ಎಂದೂ ಅಂಗಡಿಯವರು ಹೇಳಿದ್ದಾರೆ. ವಾಪಸ್ ಕೊಡಲು 10 ದಿನದ ಅವಕಾಶ ಇದೆ. ಕೋಣೆ 16 ಅಡಿ ಉದ್ದ, 11 ಅಡಿ ಅಗಲ. ಸ್ಪೀಕರುಗಳು ಒಂದು ಕೊನೆಯ ಗೋಡೆಯ ಹತ್ತಿರ ಇವೆ, ಹಳೆಯವೂ ಅಲ್ಲೇ ಇದ್ದವು. ನನ್ನ ಕುರ್ಚಿ ಎದುರು ಕೊನೆಯಲ್ಲಿ. ಮೊದಲು ಅದು ಗೋಡೆಗೆ ತಾಗಿತ್ತು. ಗೋಡೆಗೆ ಒರಗಿ ಕೂರಬಾರದು ಎಂದು ಅಂಗಡಿಯವರು ಹೇಳಿದ್ದಕ್ಕೆ 4 ಅಡಿ ಮುಂದೆ ಎಳೆದುಕೊಂಡಿದ್ದೇನೆ. ಕಾಯಲೋ, ವಾಪಸ್ ಕೊಡಲೋ?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಹೊಸ ಸ್ಪೀಕರ್ ಪಳಗುವುದು ನಿಜವಾ ಅನ್ನುವುದು ಒಂದು. ನಿಮ್ಮ ಮನೆಯಲ್ಲಿ ಖರ್ಜ ಎಲ್ಲಿ ಹೋಯಿತು ಅನ್ನುವುದು ಇನ್ನೊಂದು. ಅಂಗಡಿಯವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಬಿಟ್ಟಿದ್ದಾರೆ. ಬೇಕಂತಲೇ ಮಾಡಿದರು ಅಂತ ನಾನು ಹೇಳುವುದಿಲ್ಲ, ಬಹಳ ಜನ ಮಾರಾಟಗಾರರು ಅದನ್ನು ನಿಜವಾಗಿಯೂ ನಂಬುತ್ತಾರೆ. ಆದರೆ ಲೆಕ್ಕ ನೋಡಿ. ನೀವು ದಿನಕ್ಕೆ ಎರಡು ತಾಸು ಕೇಳುತ್ತೀರಿ ಅನ್ನೋಣ. 200 ತಾಸು ಆಗಲು 100 ದಿನ ಬೇಕು. ವಾಪಸ್ ಕೊಡುವ ಅವಧಿ 10 ದಿನ, ಅದರಲ್ಲಿ ಉಳಿದದ್ದು ನಾಲ್ಕು. ಹಾಗಾಗಿ ಕಾಯುತ್ತಾ ಕೂರಬೇಡಿ. ಈ ನಾಲ್ಕು ದಿನದಲ್ಲಿ ಏನು ಮಾಡಬೇಕು ಅಂತ ಮುಂದೆ ಹೇಳುತ್ತೇನೆ. ಮೊದಲು ಪಳಗುವ ಮಾತು.

ನಾನು ಹುಬ್ಬಳ್ಳಿಯಲ್ಲಿ 26 ವರ್ಷದಿಂದ ಸ್ಪೀಕರ್ ರಿಪೇರಿ ಮಾಡುತ್ತಿದ್ದೇನೆ. ಸುಟ್ಟ ಕಾಯಿಲ್ ತೆಗೆದು ಹೊಸ ಕೋನ್ ಕೂರಿಸುವುದೇ ಮುಖ್ಯ ಕೆಲಸ. ಅಂದರೆ ದಿನಾ ಒಂದೆರಡು ಸ್ಪೀಕರ್ ನನ್ನ ಟೇಬಲ್ ಮೇಲೆ ಹೊಸದಾಗಿ ಹುಟ್ಟುತ್ತವೆ. ಅವುಗಳ ಮೊದಲ ತಾಸು ಹೇಗಿರುತ್ತದೆ ಅಂತ ಕಣ್ಣಾರೆ ನೋಡಿದವನು ನಾನು. ಆದ್ದರಿಂದ ನಿಮ್ಮ ಮಗನ ಮಾತನ್ನೂ ಪೂರ್ತಿ ಒಪ್ಪಲಾರೆ. ಪಳಗುವುದು ಸುಳ್ಳಲ್ಲ.

ವೂಫರನ್ನು, ಅಂದರೆ ಕೆಳಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರನ್ನು, ತಿರುಗಿಸಿ ಕೋನ್ ಹಿಂದೆ ನೋಡಿದರೆ ಹಳದಿಯೋ ಕಂದೋ ಬಣ್ಣದ ಒಂದು ಬಟ್ಟೆಯ ಬಿಲ್ಲೆ ಕಾಣುತ್ತದೆ. ಹಪ್ಪಳಕ್ಕೆ ಅಲೆ ಮೂಡಿಸಿದ ಹಾಗೆ ಸುತ್ತಲೂ ಮಡಿಕೆ ಇರುತ್ತದೆ. ಇದಕ್ಕೆ ಸ್ಪೈಡರ್ ಅಂತಾರೆ. ಕೋನ್‌ಗೆ ಅಂಟಿದ ತಂತಿಯ ಸುತ್ತು, ಅಂದರೆ ವಾಯ್ಸ್ ಕಾಯಿಲ್, ಮ್ಯಾಗ್ನೆಟ್ಟಿನ ಸಂದಿಯಲ್ಲಿ ಅತ್ತಿತ್ತ ವಾಲದೆ ನೇರ ಓಡಾಡುವ ಹಾಗೆ ಹಿಡಿದಿಡುವುದು, ಪ್ರತಿ ಸಲ ಅದನ್ನು ಜಾಗಕ್ಕೆ ಎಳೆದು ತರುವುದು ಇದರ ಕೆಲಸ. ಬಟ್ಟೆಯನ್ನು ಅಂಟುರಾಳದಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿರುತ್ತಾರೆ. ಹೊಸದಿದ್ದಾಗ ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಸೆಟೆದುಕೊಂಡಿರುತ್ತದೆ. ಮೊದಲ ಸಲ ಜೋರಾಗಿ ಹಿಂದೆ ಮುಂದೆ ಆಡಿದಾಗ ಎಳೆಗಳ ನಡುವಿನ ರಾಳ ಅಲ್ಲಲ್ಲಿ ಸಣ್ಣಗೆ ಬಿರಿಯುತ್ತದೆ. ಬಟ್ಟೆ ಮೆದುವಾಗುತ್ತದೆ. ಪಳಗುವುದು ಅಂದರೆ ಇಷ್ಟೇ.

ಇದನ್ನು ಅಳೆಯಬಹುದು. ಪ್ರತಿ ವೂಫರಿಗೂ ತನ್ನದೇ ಒಂದು ಸ್ವರ ಇರುತ್ತದೆ, ಆ ಕಂಪನದಲ್ಲಿ ಅದು ಸುಲಭವಾಗಿ ತೂಗುತ್ತದೆ. ಹೊಸ 8 ಇಂಚಿನ ಕೋನ್ ಕೂರಿಸಿ, ಗಮ್ ಒಣಗಿದ ಮೇಲೆ ಅಳೆದರೆ ಆ ಸ್ವರ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಕಂಪನ, ಬಂತು ಅನ್ನಿ. ಆಮೇಲೆ ಪೆಟ್ಟಿಗೆಗೆ ಹಾಕದೆ, 20 ಹರ್ಟ್ಜಿನ ಸದ್ದು ಕೊಟ್ಟು ಹತ್ತು ನಿಮಿಷ ಆಡಿಸುತ್ತೇನೆ. ಕಿವಿಗೆ ಏನೂ ಕೇಳಿಸುವುದಿಲ್ಲ, ಕೋನ್ ಮಾತ್ರ ಕಣ್ಣಿಗೆ ಮಸುಕಾಗಿ ಕಾಣುವಷ್ಟು ಬೇಗ ಹಿಂದೆ ಮುಂದೆ ಆಡುತ್ತಿರುತ್ತದೆ. ಮತ್ತೆ ಅಳೆದರೆ 54, 55. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಇನ್ನೊಂದು ತಾಸು ಆಡಿಸಿದರೂ ಮುಳ್ಳು ಹೆಚ್ಚು ಕದಲುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಅಳೆದರೆ ಸ್ವಲ್ಪ ಮೇಲಕ್ಕೆ ವಾಪಸ್ ಬಂದಿರುತ್ತದೆ, ಬಟ್ಟೆ ರಾತ್ರಿ ಸುಧಾರಿಸಿಕೊಂಡಿರುತ್ತದೆ. ಆಗಬೇಕಾದದ್ದರಲ್ಲಿ ಬಹುಪಾಲು ಮೊದಲ ಕೆಲವು ನಿಮಿಷದಲ್ಲೇ ಆಗಿ ಹೋಗುತ್ತದೆ. ನೀವು ತಂದ ಜೋಡಿ ಆರು ದಿನ ಹಾಡಿದೆ. ಅದರ ಪಳಗುವಿಕೆ ಬಹುಮಟ್ಟಿಗೆ ಮೊದಲ ದಿನವೇ ಮುಗಿದಿದೆ.

ಅಷ್ಟು ಬದಲಾದರೆ ಕಿವಿಗೆ ಗೊತ್ತಾಗಬೇಕಲ್ಲ ಅನ್ನಬಹುದು. ಇಲ್ಲೊಂದು ಸೂಕ್ಷ್ಮ ಇದೆ. ನನ್ನ ಟೇಬಲ್ ಮೇಲಿನ ವೂಫರ್ ಬರಿಯದು. ನಿಮ್ಮದು ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಯೊಳಗಿನ ಗಾಳಿಯೂ ಒಂದು ಸ್ಪ್ರಿಂಗು, ಸಣ್ಣ ಪೆಟ್ಟಿಗೆಯಾದರೆ ಸ್ಪೈಡರಿಗಿಂತ ಗಟ್ಟಿ ಸ್ಪ್ರಿಂಗು. ಇದರ ಲೆಕ್ಕವನ್ನು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ, ಅವರ ನಂತರ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಹಾಕಿಕೊಟ್ಟರು. ಇವತ್ತಿಗೂ ಸ್ಪೀಕರ್ ಮಾಡುವವರೆಲ್ಲ ಅದನ್ನೇ ಬಳಸುತ್ತಾರೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯ ಲೆಕ್ಕ ಸುಲಭ, ಅದನ್ನೇ ಹೇಳುತ್ತೇನೆ. ವೂಫರಿನ ಸ್ವಂತ ಸ್ವರ 40 ಹರ್ಟ್ಜ್ ಅನ್ನಿ. ಅದರ ಮೆದುತನ 60 ಲೀಟರ್ ಗಾಳಿಯ ಸ್ಪ್ರಿಂಗಿಗೆ ಸಮ. ಅದನ್ನು 20 ಲೀಟರ್ ಪೆಟ್ಟಿಗೆಯಲ್ಲಿ ಕೂರಿಸಿದರೆ ಸ್ವರ 80ಕ್ಕೆ ಏರುತ್ತದೆ. ಈಗ ಸ್ಪೈಡರ್ ಪಳಗಿ ನೂರಕ್ಕೆ 20 ಪಾಲು ಮೆದುವಾಯಿತು ಅನ್ನಿ. ಬರಿಯ ವೂಫರಿನ ಸ್ವರ 40ರಿಂದ 36.5ಕ್ಕೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ? 80 ಇದ್ದದ್ದು 78.3. ಅಷ್ಟೇ. ನಿಮ್ಮ ಸ್ಪೀಕರಿನ ಹಿಂದೆ ತೂತು ಇದ್ದರೆ ಲೆಕ್ಕ ಬೇರೆ ಥರ ಹೋಗುತ್ತದೆ, ಆದರೆ ಅಲ್ಲೂ ಕಳೆದುಹೋದ ಖರ್ಜ ಎದ್ದು ಬರುವಷ್ಟು ಅಂತರ ಹುಟ್ಟುವುದಿಲ್ಲ. ಧಾರವಾಡದ ಡಿಸೆಂಬರ್ ಮುಂಜಾವಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಬಟ್ಟೆ, ರಬ್ಬರಿನ ಮೆದುತನ ಬದಲಾಗುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಯಾರೂ ಸ್ಪೀಕರ್ ವಾಪಸ್ ಕೊಡಲು ಹೋಗುವುದಿಲ್ಲ ಅಲ್ವಾ?

ಸ್ಪೀಕರ್ ಪಳಗಬೇಕು ಅಂತ ಕಂಪನಿಗಳೇ ತಮ್ಮ ಪುಸ್ತಿಕೆಯಲ್ಲಿ ಬರೆದಿರುತ್ತವಲ್ಲ ಅಂತ ನೀವು ಕೇಳಬಹುದು. ಹೌದು, ಬರೆದಿರುತ್ತವೆ. ಬ್ರಿಟನ್ನಿನ ಬೋವರ್ಸ್ ಅಂಡ್ ವಿಲ್ಕಿನ್ಸ್ ತನ್ನ ಕೆಲವು ಸ್ಪೀಕರುಗಳ ಜೊತೆ ಕೊಡುವ ಪುಸ್ತಿಕೆ ನನಗೆ ಇಷ್ಟ, ಅದು ಪ್ರಾಮಾಣಿಕವಾಗಿದೆ. ಸಾಮಾನ್ಯ ಬಳಕೆಯಲ್ಲಿ 15 ತಾಸಿಗೆ ಯಾಂತ್ರಿಕ ಭಾಗಗಳು ತಮ್ಮ ಹದಕ್ಕೆ ಬರುತ್ತವೆ ಎಂದು ಹೇಳುತ್ತದೆ. ಕೆಲವರು ತಿಂಗಳು ಬೇಕಾಯಿತು ಎನ್ನುತ್ತಾರೆ, ಆದರೆ ಅದರಲ್ಲಿ ಸ್ಪೀಕರ್ ಬದಲಾಗಿದ್ದಕ್ಕಿಂತ ಕೇಳುವವರು ಹೊಸ ದನಿಗೆ ಒಗ್ಗಿಕೊಂಡಿದ್ದೇ ಹೆಚ್ಚು ಎಂಬ ಮಾತನ್ನೂ ಅದೇ ಪುಸ್ತಿಕೆ ಸೇರಿಸುತ್ತದೆ. ಮಾರುವವರೇ ಹೀಗೆ ಬರೆಯುವುದು ಅಪರೂಪ.

ಒಗ್ಗಿಕೊಳ್ಳುವುದು ಸಣ್ಣ ವಿಷಯ ಅಲ್ಲ. ನೀವು ಕನ್ನಡಕದ ನಂಬರ್ ಬದಲಿಸಿದ ದಿನ ನೆನಪು ಮಾಡಿಕೊಳ್ಳಿ. ಮೆಟ್ಟಿಲು ಮೇಲೆದ್ದ ಹಾಗೆ, ನೆಲ ವಾಲಿದ ಹಾಗೆ. ಎರಡು ದಿನಕ್ಕೆ ಎಲ್ಲ ಸರಿ. ಗಾಜು ಪಳಗಿತಾ? ನಮ್ಮ ಹುಬ್ಬಳ್ಳಿಯಲ್ಲಿ ರೈಲ್ವೆ ಹಳಿ ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಮೊದಲ ವಾರ ನಿದ್ದೆ ಇಲ್ಲ ಅಂತ ಗೋಳಾಡುತ್ತಾರೆ. ತಿಂಗಳಾದ ಮೇಲೆ ಕೇಳಿದರೆ ಯಾವ ರೈಲು ಎನ್ನುತ್ತಾರೆ. ರೈಲಂತೂ ಮೊದಲಿನಷ್ಟೇ ಜೋರಾಗಿ ಹೋಗುತ್ತಿದೆ. ನಿಮಗೆ ಚೂಪು ಅನ್ನಿಸುತ್ತಿರುವ ಮೇಲಿನ ಸ್ವರಗಳ ವಿಷಯವೂ ಹೆಚ್ಚು ಕಡಿಮೆ ಹೀಗೇ. ಅವು ಬರುವುದು ಟ್ವೀಟರಿನಿಂದ. ಟ್ವೀಟರ್ ಆಡುವುದು ಕೂದಲೆಳೆಯಷ್ಟು, ಅದಕ್ಕೆ ಬಹುತೇಕ ಸ್ಪೈಡರೇ ಇರುವುದಿಲ್ಲ. ಅಲ್ಲಿ ಪಳಗಲು ಏನೂ ಇಲ್ಲ. ನಿಮ್ಮ ಹಳೆಯ ಸ್ಪೀಕರುಗಳ ಟ್ವೀಟರ್ 20 ವರ್ಷದಲ್ಲಿ ಮಂದವಾಗಿರುವುದೂ ಸಾಧ್ಯ. ಮಂದಕ್ಕೆ ಒಗ್ಗಿದ ಕಿವಿಗೆ ಸರಿಯಾದದ್ದು ಚೂಪಾಗಿಯೇ ಕೇಳಿಸುತ್ತದೆ.

ನನ್ನದೇ ಒಂದು ಪಜೀತಿ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಕಲ್ಯಾಣ ಮಂಟಪದ ಸೌಂಡ್ ಸೆಟ್ ಸರಿ ಮಾಡಲು ಹೋಗಿದ್ದೆ. ಮೇಲಿನ ಕೆಳಗಿನ ಸ್ವರಗಳ ಮಟ್ಟ ಹೊಂದಿಸುವ ಈಕ್ವಲೈಜರಿನ ಒಂದೊಂದೇ ಕಡ್ಡಿಯನ್ನು ಏರಿಸಿ ಇಳಿಸಿ ಅರ್ಧ ತಾಸು ಒದ್ದಾಡಿದೆ. ಇಲ್ಲಿ ಸ್ವಲ್ಪ ಕರ್ಕಶ ತೆಗೆದೆ, ಅಲ್ಲಿ ಸ್ವಲ್ಪ ತುಂಬಿದೆ, ದನಿ ಬೆಣ್ಣೆ ಆಯಿತು. ಪಕ್ಕದಲ್ಲಿದ್ದ ಆಪರೇಟರ್ ಹುಡುಗನೂ ತಲೆಯಾಡಿಸಿದ. ಹೊರಡುವಾಗ ನೋಡಿದರೆ ಬೈಪಾಸ್ ಬಟನ್ ಒತ್ತಿಯೇ ಇತ್ತು. ಈಕ್ವಲೈಜರ್ ಸಾಲಿನಲ್ಲೇ ಇರಲಿಲ್ಲ. ಆ ಬೆಣ್ಣೆಯನ್ನು ಕಡೆದದ್ದು ನನ್ನ ತಲೆ. ಕೆನಡಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಇದನ್ನೇ ಕ್ರಮವಾಗಿ ಪರೀಕ್ಷೆ ಮಾಡಿ ತೋರಿಸಿದರು. ಅದೇ ಸ್ಪೀಕರುಗಳಿಗೆ, ಅದೇ ಜನ, ಕಣ್ಣಿಗೆ ಕಾಣುವಾಗ ಒಂದು ಅಂಕ ಕೊಟ್ಟರು, ಪರದೆ ಹಾಕಿದಾಗ ಬೇರೆ ಅಂಕ ಕೊಟ್ಟರು. ಅವರೆಲ್ಲ ಒಳ್ಳೆಯ ಕಿವಿಯವರೇ. ನೀವು 52,000 ಕೊಟ್ಟಿದ್ದೀರಿ, ದಿನ ಕಳೆದ ಹಾಗೆ ಚೆನ್ನಾಗಲಿ ಅಂತ ಒಳಗೊಳಗೇ ಬಯಸುತ್ತೀರಿ. 100 ದಿನ ಆದ ಮೇಲೆ ನಿಮಗೆ ಚೆನ್ನಾಗಿ ಕೇಳಿಸಿದರೆ ಆಶ್ಚರ್ಯ ಇಲ್ಲ. ಆದರೆ ಅದು ಸ್ಪೀಕರಿನ ಸುದ್ದಿ ಅಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೊಂದು ಊಹೆ ಇದೆ. ನಾವು ಪಳಗುವ ವಸ್ತುಗಳ ನಡುವೆಯೇ ಬೆಳೆದವರು. ಹೊಸ ಹಂಚಿಗೆ ಎಣ್ಣೆ ಕುಡಿಸಿ ನಾಲ್ಕು ದಿನ ಪಳಗಿಸದೆ ರೊಟ್ಟಿ ಬೇಯಿಸಿದರೆ ತಳ ಹಿಡಿಯುತ್ತದೆ. ಹೊಸ ಬೈಕನ್ನು ಮೊದಲ ಸರ್ವಿಸಿನವರೆಗೆ ಎಳೆಯಬೇಡ ಅಂತ ಮೆಕ್ಯಾನಿಕ್ ಹೇಳುತ್ತಾನೆ. ತಬಲಾಕ್ಕೆ ಹೊಸ ಪುಡಿ, ಅಂದರೆ ಚರ್ಮದ ಮುಖ, ಹಾಕಿಸಿದರೆ ಕೆಲವು ದಿನ ಬಾರಿಸಿದ ಮೇಲೆಯೇ ದನಿ ಬಿಚ್ಚುತ್ತದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಿರಜದಿಂದ ತಂದ ತಂಬೂರಿಯ ಮಾತೂ ಹಾಗೆಯೇ ಹೇಳುತ್ತಾರೆ. ಹಾಗಾಗಿ ಸ್ಪೀಕರ್ ಪಳಗಬೇಕು ಎಂದರೆ ತಲೆ ತಾನಾಗಿ ಹೂಂ ಅನ್ನುತ್ತದೆ. ಆದರೆ ತಬಲಾ ದನಿ ಹುಟ್ಟಿಸುವ ವಾದ್ಯ. ಸ್ಪೀಕರ್ ಕೊಟ್ಟದ್ದನ್ನು ಒಪ್ಪಿಸುವ ಯಂತ್ರ. ಬರಬರ್ತಾ ಸ್ವಭಾವ ಬದಲಿಸುತ್ತಾ ಹೋಗುವ ಯಂತ್ರವನ್ನು ಮಾಡಿದರೆ ಅದು ಮಾಡಿದವನ ತಪ್ಪು.

ಆಂಪ್ಲಿಫೈಯರ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹಚ್ಚಿ 20 ನಿಮಿಷ ಬಿಸಿಯಾಗುವವರೆಗೆ ಒಳಗಿನ ಕರೆಂಟ್ ಕೊಂಚ ಓಲಾಡುತ್ತದೆ, ವಾಲ್ವ್ ಆಂಪ್ ಆದರೆ ಅದು ಕಿವಿಗೂ ಗೊತ್ತಾಗಬಹುದು. ಅದು ಪ್ರತಿದಿನದ ಕತೆ, 200 ತಾಸಿನದಲ್ಲ. ಹೀಗೆ ಓಡಿಸಿ ಪಳಗಿಸುವುದಕ್ಕೆ ಹೇಳುವ ಬರ್ನ್-ಇನ್ ಎಂಬ ಪದ ಹುಟ್ಟಿದ್ದು ಫ್ಯಾಕ್ಟರಿಯಲ್ಲಿ. ಹಾಳಾಗುವ ಭಾಗ ಬೇಗ ಹಾಳಾಗಲಿ, ಗಿರಾಕಿಯ ಮನೆಯಲ್ಲಿ ಆಗದಿರಲಿ ಎಂದು ಹೊಸ ಸರ್ಕಿಟನ್ನು ಕೆಲವು ತಾಸು ಓಡಿಸಿ ನೋಡುತ್ತಾರೆ. ದನಿ ಸುಧಾರಿಸಲು ಅಲ್ಲ. ಆಂಪ್ ವಿಷಯದಲ್ಲಿ ನಿಧಾನ ಬೇಕಾಗುವುದು ಬೇರೆ ಕಡೆ. ಅಟ್ಟದ ಮೇಲೆ ಹತ್ತು ವರ್ಷ ಬಿದ್ದಿದ್ದ ಹಳೆಯ ಆಂಪನ್ನು ನೇರವಾಗಿ 230 ವೋಲ್ಟಿಗೆ ಚುಚ್ಚಬೇಡಿ. ಕೆಪಾಸಿಟರುಗಳ ಒಳಪದರ ಅಷ್ಟರಲ್ಲಿ ಸವೆದಿರುತ್ತದೆ. ನಮ್ಮಲ್ಲಿ ಸಾಲಿನಲ್ಲಿ 100 ವ್ಯಾಟಿನ ಬಲ್ಬ್ ಹಾಕಿ ಎಬ್ಬಿಸುತ್ತೇವೆ, ಅದಕ್ಕೆ ಸೀರೀಸ್ ಬೋರ್ಡ್ ಅಂತಾರೆ. ಬಲ್ಬ್ ಝಗ್ ಅಂತ ಹತ್ತಿ ಮಂದವಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್.

ಕೇಬಲ್: 4,500 ಉಳಿಸಿ. ತಾಮ್ರದಲ್ಲಿ ಮೆದುವಾಗಲು, ಬಿಚ್ಚಿಕೊಳ್ಳಲು ಏನೂ ಇಲ್ಲ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ 3 ಮೀಟರ್ ಹೋಗಿ 3 ಮೀಟರ್ ಬಂದರೆ ಅದರ ಅಡ್ಡಿ 0.05 ಓಮಿಗೂ ಕಡಿಮೆ. ನಿಮ್ಮ ಸ್ಪೀಕರ್ 6 ಅಥವಾ 8 ಓಮ್. ಯಾವುದೇ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಎರಡೆಳೆಯ ಒಳ್ಳೆಯ ತಂತಿ ಸಾಕು.

ಇನ್ನು ಗೆಳೆಯರ ಪಿಂಕ್ ನಾಯ್ಸ್. ದಯವಿಟ್ಟು ಬೇಡ. ಹಾಡಿನಲ್ಲಿ ಏರಿಳಿತ ಇರುತ್ತದೆ, ಉಸಿರು ತೆಗೆದುಕೊಳ್ಳುವ ಬಿಡುವು ಇರುತ್ತದೆ. ಒಂದು ಜೋರಾದ ತಾನ್ ಬಂದು ಹೋದ ಮೇಲೆ ಕಾಯಿಲ್ ತಣ್ಣಗಾಗಲು ಸಮಯ ಸಿಗುತ್ತದೆ. ಪಿಂಕ್ ನಾಯ್ಸ್ ಜೋರು ಮಳೆಯ ಹಾಗೆ, ಒಂದೇ ಸಮ ಸುರಿಯುತ್ತದೆ. 50 ವ್ಯಾಟ್ ಎಂದು ಬರೆದ ಸ್ಪೀಕರ್ ಹಾಡಿನ 50 ವ್ಯಾಟ್ ತಡೆಯುತ್ತದೆ, ರಾತ್ರಿಯಿಡೀ ಮಳೆಯ 50 ವ್ಯಾಟ್ ತಡೆಯಬೇಕೆಂದಿಲ್ಲ. ಕಾಯಿಲ್ ತಂತಿ ಕಾಯುತ್ತದೆ, ಅದನ್ನು ಹಿಡಿದ ಅಂಟು ಮೆತ್ತಗಾಗುತ್ತದೆ, ಸುತ್ತು ಸಡಿಲವಾಗಿ ಮ್ಯಾಗ್ನೆಟ್ಟಿಗೆ ಉಜ್ಜತೊಡಗುತ್ತದೆ. ಗಣಪತಿ ಹಬ್ಬ ಮುಗಿದ ವಾರ ನನ್ನ ಅಂಗಡಿಗೆ ಬರುವ ಸ್ಪೀಕರುಗಳ ವಾಸನೆಯೇ ಬೇರೆ, ಸುಟ್ಟ ವಾರ್ನಿಷ್ ಮತ್ತು ಅಂಟು. ಆದರೆ ಅವು ಮೆರವಣಿಗೆಯಲ್ಲಿ ಕುಣಿಸಿ ಸುಟ್ಟವು. ಪಳಗಿಸಲು ಹೋಗಿ ಸುಟ್ಟವೂ ವರ್ಷಕ್ಕೆ ಒಂದೆರಡು ಬರುತ್ತವೆ, ಅವನ್ನು ಬಿಚ್ಚುವಾಗ ಬೇಜಾರಾಗುತ್ತದೆ. ಅಂಥವುಗಳಿಗೆ ವಾರಂಟಿ ಸಿಗುವುದೂ ಕಷ್ಟ. ಹೊಸ ಸ್ಪೀಕರ್ ಅಂತ ಮೆಲ್ಲಗೆ ಹಾಕಬೇಕಾದ್ದೂ ಇಲ್ಲ. ನೀವು ಯಾವತ್ತೂ ಕೇಳುವಷ್ಟೇ ಜೋರಾಗಿ ಕೇಳಿ, ಅಷ್ಟೇ. ರಿಪೇರಿ ಮಾಡಿ ಕೊಡುವಾಗ ನಾನು ಒಂದು ದಿನ ಬಾರಿಸಬೇಡಿ ಅಂತ ಹೇಳುವುದುಂಟು. ಅದು ಅಂಟು ಗಟ್ಟಿಯಾಗಲಿ ಅಂತ, ಬೇರೇನಕ್ಕೂ ಅಲ್ಲ.

ಈಗ ನಿಮ್ಮ ನಾಲ್ಕು ದಿನ.

ಮೊದಲು ಒಂದು ಪೆನ್ಸಿಲ್ ಸೆಲ್ ತೆಗೆದುಕೊಳ್ಳಿ, ಗೋಡೆ ಗಡಿಯಾರದ್ದಾದರೂ ಸರಿ. ಆಂಪ್ ಆಫ್ ಮಾಡಿ. ಸ್ಪೀಕರ್ ಮುಂದಿನ ಜಾಳಿಗೆ ತೆಗೆಯಿರಿ. ಸ್ಪೀಕರ್ ತಂತಿಯನ್ನು ಆಂಪಿನ ಕಡೆ ಬಿಚ್ಚಿ. ಆಂಪಿನ ಕೆಂಪು ತಿರುಪಿನಲ್ಲಿದ್ದ ಎಳೆಯನ್ನು ಸೆಲ್ಲಿನ ತುದಿಗೆ, ಕಪ್ಪಿನಲ್ಲಿದ್ದದ್ದನ್ನು ತಳಕ್ಕೆ ಒಂದು ಕ್ಷಣ ಮುಟ್ಟಿಸಿ. ಟಪ್ ಅನ್ನುತ್ತದೆ, ವೂಫರ್ ಒಂದು ಕಡೆ ಜಿಗಿಯುತ್ತದೆ. ಮುಂದಕ್ಕೋ ಹಿಂದಕ್ಕೋ ನೋಡಿಕೊಳ್ಳಿ. ಇನ್ನೊಂದು ಸ್ಪೀಕರಿಗೂ ಹೀಗೇ. ಎರಡೂ ಒಂದೇ ಕಡೆ ಜಿಗಿದರೆ ಸರಿ. ಒಂದು ಮುಂದೆ, ಒಂದು ಹಿಂದೆ ಬಂದರೆ ಎಲ್ಲೋ ಒಂದು ತುದಿಯಲ್ಲಿ ತಂತಿ ಅದಲುಬದಲಾಗಿದೆ. ಆಗ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. 70 ಹರ್ಟ್ಜಿನ ಅಲೆ ಸುಮಾರು 16 ಅಡಿ ಉದ್ದ. ಏಳೆಂಟು ಅಡಿ ಅಂತರದ ಎರಡು ಸ್ಪೀಕರುಗಳ ನಡುವೆ ಕೂತವನಿಗೆ ಅವೆರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಮೇಲಿನ ಸ್ವರ ಉಳಿಯುತ್ತದೆ, ಖರ್ಜ ಹೋಗುತ್ತದೆ. ಗಾಯಕನ ದನಿ ನಡುವಿನಿಂದ ಬರದೆ ಕೋಣೆಯಲ್ಲೆಲ್ಲಾ ತೇಲುತ್ತಿರುತ್ತದೆ. ಹೊಸ ಸ್ಪೀಕರ್ ತೆಳ್ಳಗಿದೆ ಅಂತ ನನ್ನ ಹತ್ತಿರ ಬರುವ ದೂರುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ, ಎಷ್ಟೋ ಸಲ ಅಲ್ಲೇ ಮುಗಿದಿದೆ. 200 ತಾಸಲ್ಲ, 2,000 ತಾಸು ಓಡಿಸಿದರೂ ಇದು ಸರಿಯಾಗುವುದಿಲ್ಲ.

ಸೆಲ್ ಪರೀಕ್ಷೆ ಸರಿ ಬಂದರೆ ನನ್ನ ಅನುಮಾನ ನಿಮ್ಮ ಕುರ್ಚಿಯ ಮೇಲೆ. ನೀವು ಅಳತೆ ಬರೆದದ್ದು ಒಳ್ಳೆಯದಾಯಿತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 16 ಅಡಿ ಅಂದರೆ 4.88 ಮೀಟರ್. 70 ಹರ್ಟ್ಜಿನ ಒಂದು ಪೂರ್ತಿ ಅಲೆ ನಿಮ್ಮ ಕೋಣೆಯ ಉದ್ದಕ್ಕೆ ಅಳೆದು ಹೊಲಿದ ಹಾಗೆ ಕೂರುತ್ತದೆ. ಉದ್ದನೆಯ ತೊಟ್ಟಿಯ ನೀರು ತುಳುಕುವುದನ್ನು ನೋಡಿದ್ದೀರಲ್ಲ. ಅಂಚಿನಲ್ಲಿ ನೀರು ಜೋರಾಗಿ ಏರಿ ಇಳಿಯುತ್ತದೆ, ನಡುವೆ ಕೆಲವು ಜಾಗದಲ್ಲಿ ಅಲ್ಲಾಡುವುದೇ ಇಲ್ಲ. ಕೋಣೆಯ ಗಾಳಿಯೂ ಹಾಗೆಯೇ. ಈ ಸ್ವರಕ್ಕೆ ಎರಡೂ ಗೋಡೆಯ ಬುಡದಲ್ಲಿ ಮತ್ತು ಸರಿ ನಡುವೆ ದನಿ ಜೋರು. ಪ್ರತಿ ಗೋಡೆಯಿಂದ ಕಾಲು ಭಾಗದ ದೂರದಲ್ಲಿ, ಅಂದರೆ 4 ಅಡಿಯಲ್ಲಿ, ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ನಿಮ್ಮ ಕುರ್ಚಿ ಎಲ್ಲಿದೆ? ಗೋಡೆಯಿಂದ 4 ಅಡಿ. ಗಂಡು ದನಿಗೆ ಕಾಳಿ ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ, ಸೇರಿಸಿದ ತಂಬೂರಿಯಲ್ಲಿ ಖರ್ಜದ ತಂತಿ ಎಷ್ಟರಲ್ಲಿ ನುಡಿಯುತ್ತದೆ? 69 ಹರ್ಟ್ಜ್ ಚಿಲ್ಲರೆ. ಅದರ ಮೇಲಿನ ಸ್ವರಗಳು, ಜವಾರಿ ಎನ್ನುವ ಝೇಂಕಾರ, ಎಲ್ಲ ಕೇಳುತ್ತವೆ. ಬುಡ ಮಾತ್ರ ನಿಮ್ಮ ತಲೆಯ ಜಾಗಕ್ಕೆ ಸಿಗುವುದಿಲ್ಲ. ಡಗ್ಗಾದ ಗುಂಯ್‌ ಎನ್ನುವ ದನಿಯೂ ಬಹಳ ಮಟ್ಟಿಗೆ ಈ ಆಸುಪಾಸಿನದ್ದೇ. ಹಳೆಯ ಸ್ಪೀಕರ್ ಇದ್ದಾಗ ನೀವು ಗೋಡೆಗೆ ಒರಗಿ ಕೂರುತ್ತಿದ್ದಿರಿ, ಅಲ್ಲಿ ಇದೇ ಸ್ವರ ಬೇಕಾದ್ದಕ್ಕಿಂತ ಜಾಸ್ತಿಯೇ ಸಿಗುತ್ತಿತ್ತು. ಅಂಗಡಿಯವರು ಮುಂದೆ ಬನ್ನಿ ಎಂದದ್ದು ಪುಸ್ತಕದ ಪ್ರಕಾರ ಸರಿ. ನಿಮ್ಮ ಕೋಣೆಗೆ ಆ 4 ಅಡಿ ಸರಿಯಲ್ಲ.

ಹೀಗೆ ಮಾಡಿ. ತಂಬೂರಿ ಒಂದೇ ಇರುವ ಧ್ವನಿಮುದ್ರಣ ಹಾಕಿ, ಫೋನಿನ ತಂಬೂರಿ ಆಪನ್ನೇ ಆಂಪಿಗೆ ಕೊಟ್ಟರೂ ಆಯಿತು. ಕಾಳಿ ಒಂದಕ್ಕೆ ಇಡಿ. ಕುರ್ಚಿಯ ಎತ್ತರಕ್ಕೆ ತಲೆ ತಗ್ಗಿಸಿಕೊಂಡು ಹಿಂದಿನ ಗೋಡೆಯಿಂದ ನಿಧಾನವಾಗಿ ಮುಂದೆ ನಡೆಯಿರಿ. ಖರ್ಜ ತುಂಬಿ, ಕರಗಿ, ಕೋಣೆಯ ನಡುವೆ ಮತ್ತೆ ತುಂಬುವುದು ನಿಮಗೇ ಗೊತ್ತಾಗುತ್ತದೆ. ಗೋಡೆಯಿಂದ ಒಂದೂವರೆ ಎರಡು ಅಡಿಯಲ್ಲಿ ಹದವಾಗಿ ಸಿಗಬಹುದು ಅಂತ ನನ್ನ ಅಂದಾಜು. ಕುರ್ಚಿಯನ್ನು ಅಲ್ಲಿಗೆ ಎಳೆಯಿರಿ. ಸ್ಪೀಕರ್ ಹಿಂದೆ ತೂತು ಇದ್ದರೆ ಅದಕ್ಕೂ ಗೋಡೆಗೂ ಕನಿಷ್ಠ ಅರ್ಧ ಅಡಿ ಬಿಡಿ. ಪುಸ್ತಕದ ಕಪಾಟಿನೊಳಗೆ ಮಾತ್ರ ತುರುಕಬೇಡಿ, ಹೆಸರು ಬುಕ್‌ಶೆಲ್ಫ್ ಅಂತಿದ್ದರೂ.

ಆಮೇಲೆ ಹಳೆಯ ಜೋಡಿಯನ್ನೂ ಇದೇ ಆಂಪಿಗೆ, ಇದೇ ಜಾಗದಲ್ಲಿಟ್ಟು ಹೋಲಿಸಿ. ಒಂದು ಎಚ್ಚರ: ಎರಡರ ದನಿ ಮಟ್ಟ ಸಮ ಇರಬೇಕು. ಕೊಂಚ ಜೋರಾಗಿ ಕೇಳಿಸಿದ್ದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ, ಅಂಗಡಿಗಳಲ್ಲಿ ಇದೇ ನಡೆಯುವುದು. ಮಗನ ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆಪ್ ಹಾಕಿಸಿ, ಕುರ್ಚಿಯ ಮೇಲಿಟ್ಟು ಸಮ ಮಾಡಿಕೊಳ್ಳಿ. ಮಗನಿಗೇ ಬದಲಿಸಲು ಹೇಳಿ ನೀವು ಕಣ್ಣು ಮುಚ್ಚಿ ಕೂತರೆ ಇನ್ನೂ ಒಳ್ಳೆಯದು. ಹಳೆಯ ಧ್ವನಿಮುದ್ರಣ ಒಂದನ್ನೇ ನಂಬಬೇಡಿ. 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ್ದರಲ್ಲಿ ಅಷ್ಟು ಆಳದ ಖರ್ಜ ಮೊದಲೇ ಕಡಿಮೆ. ಒಳ್ಳೆಯ ಟ್ವೀಟರ್ ಆ ತಟ್ಟೆಯ ಚರಚರವನ್ನು ಇನ್ನೂ ಎತ್ತಿ ತೋರಿಸುತ್ತದೆ. ಹೊಸ ಕಾಲದ ಒಂದು ಕಛೇರಿಯ ಮುದ್ರಣವೂ ಜೊತೆಗಿರಲಿ.

ಇಷ್ಟಾದರೂ ದನಿ ತೆಳ್ಳಗೇ ಇದ್ದರೆ ಹತ್ತನೇ ದಿನದ ಒಳಗೆ ವಾಪಸ್ ಕೊಡಿ. ಐದು ಇಂಚಿನ ವೂಫರ್ ಎಂಟು ಇಂಚಿನದರ ಕೆಲಸ ಮಾಡಲಿ ಅಂತ ನಿರೀಕ್ಷಿಸುವುದು ಸ್ಪೀಕರಿಗೆ ಅನ್ಯಾಯ, ನಿಮಗೂ ಅನ್ಯಾಯ. ಬದಲಿಗೆ ದೊಡ್ಡ ವೂಫರಿನದು ಕೇಳಿ. ಅದನ್ನು ಅಂಗಡಿಯಲ್ಲಿ ಕೇಳಿ ನಿರ್ಧರಿಸಬೇಡಿ, ಎರಡು ದಿನ ಮನೆಯಲ್ಲಿಟ್ಟು ಕೇಳಲು ಬಿಡಿ ಎನ್ನಿ. ಒಂದು ಕಡೆ ಮಾತ್ರ ದನಿ ಕಡಿಮೆ ಇದ್ದರೆ, ಅಥವಾ ಮೆಲ್ಲಗೆ ಹಾಡುವಾಗಲೂ ವೂಫರಿನಿಂದ ಕರಕರ ಉಜ್ಜಿದ ಸದ್ದು ಬಂದರೆ, ಈ ಪರೀಕ್ಷೆಗಳೂ ಬೇಡ. ಅದು ದೋಷ. ಅದೇ ದಿನ ವಾಪಸ್ ಒಯ್ಯಿರಿ, ಓಡಿಸಿ ನೋಡಿ ಅಂದರೆ ಒಪ್ಪಬೇಡಿ, ಉತ್ತರವನ್ನು ಫೋನಿನಲ್ಲಿ ಅಲ್ಲ, ಮೆಸೇಜಿನಲ್ಲಿ ತೆಗೆದುಕೊಳ್ಳಿ.

ಹಳೆಯ ಜೋಡಿಯನ್ನು ಈಗಲೇ ಗುಜರಿಗೆ ಹಾಕಬೇಡಿ. ವೂಫರಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಆಗಿದ್ದರೆ ಇನ್ನೂ ಹತ್ತು ವರ್ಷ ಬಂದೀತು. ಸ್ಪಂಜು ಆಗಿದ್ದು, ಬೆರಳಿಗೆ ಪುಡಿ ಅಂಟಿದರೆ ಅದರ ಆಯಸ್ಸು ಮುಗಿದಿದೆ. ಹೊಸ ಅಂಚು ಅಂಟಿಸಲು ಒಂದು ಮಧ್ಯಾಹ್ನದ ಕೆಲಸ, ನಿಮ್ಮ ಕೇಬಲ್ಲಿನ ದುಡ್ಡಿನಲ್ಲಿ ಅದು ಮುಗಿದು ಇನ್ನೂ ಉಳಿಯುತ್ತದೆ.